ಬ್ಯಾಜಟನ ಸೂತ್ರವೂ ಸಣ್ಣ ಠೇವಣಿದಾರನೂ

ವಾಲ್ಟರ್ ಬ್ಯಾಜಟನು 1873ರಲ್ಲಿ ಪ್ರಕಟಿಸಿದ ‘ಲೊಂಬಾರ್ಡ್ ಸ್ಟ್ರೀಟ್’ ಎಂಬ ಗ್ರಂಥವನ್ನು ಒಂದೇ ಸೂತ್ರಕ್ಕಾಗಿ ಸ್ಮರಿಸುವುದು ರೂಢಿಯಾಗಿದೆ. ಭೀತಿ ಹಬ್ಬಿದ ಕಾಲದಲ್ಲಿ ಕೇಂದ್ರ ಬ್ಯಾಂಕು ಉತ್ತಮ ಆಧಾರದ ಮೇಲೆ, ಹೆಚ್ಚಿನ ಬಡ್ಡಿಗೆ, ಕೈಬಿಗಿಹಿಡಿಯದೆ ಸಾಲ ಕೊಡಬೇಕೆಂಬುದೇ ಆ ಸೂತ್ರ. ಇತಿಹಾಸದ ವಿದ್ಯಾರ್ಥಿಗೆ ಇಷ್ಟು ಸಾಲದು. ಅದು ಯಾವ ಸಂಕಟದಲ್ಲಿ, ಯಾರ ಹಿತವನ್ನು ಕುರಿತು ಹುಟ್ಟಿತೆಂಬುದನ್ನೂ ಆತನು ಕೇಳಬೇಕಾಗುತ್ತದೆ.

1866ರ ಮೇ 10ರಂದು ಲಂಡನ್ನಿನ ಓವರೆಂಡ್ ಗರ್ನಿ ಸಂಸ್ಥೆಯು ಪಾವತಿಯನ್ನು ನಿಲ್ಲಿಸಿತು. ಅದಕ್ಕೆ ನೆರವು ನಿರಾಕರಿಸಿದ ಬ್ಯಾಂಕ್ ಆಫ್ ಇಂಗ್ಲೆಂಡು ಉಳಿದವರಿಗೆ ಧಾರಾಳವಾಗಿ ಸಾಲವಿತ್ತಿತು. ಬಡ್ಡಿಯ ದರವು ಶೇಕಡಾ 10ಕ್ಕೆ ಏರಿತು. ನೋಟುಗಳಿಗೆ ಮಿತಿ ಹಾಕಿದ್ದ 1844ರ ಶಾಸನವನ್ನು ಮೀರಲು ಸರ್ಕಾರವು ಅನುಮತಿ ಕೊಟ್ಟಿತು. 1847ರಲ್ಲಿಯೂ 1857ರಲ್ಲಿಯೂ ಹೀಗೆಯೇ ಆಗಿತ್ತು. (ಅಪಾಯ ಬಂದಾಗಲೆಲ್ಲ ಬದಿಗಿಡಬೇಕಾದ ಶಾಸನವು ಎಂತಹ ಶಾಸನ!) ಆಗಾಗ ನಡೆದುಹೋಗುತ್ತಿದ್ದ ಕಾರ್ಯವನ್ನು ಮುಂಚಿತವಾಗಿ ಸಾರಿದ ಕರ್ತವ್ಯವನ್ನಾಗಿ ಮಾಡಬೇಕೆಂದು ವಾದಿಸಿದ್ದೇ ಬ್ಯಾಜಟನ ಹಿರಿಮೆ. ವಿಚಾರವೇನೋ ಹೊಸದಲ್ಲ. ಹೆನ್ರಿ ಥಾರ್ನ್‌ಟನ್ 1802ರಲ್ಲಿಯೇ ಅದರ ತಿರುಳನ್ನು ಹೇಳಿದ್ದನು. ಸಲ್ಲಬೇಕಾದ ಕೀರ್ತಿಯು ಆತನಿಗೆ ಬಹುಕಾಲ ಸಲ್ಲಲಿಲ್ಲ.

ಸೂತ್ರದಲ್ಲಿರುವ ‘ಉತ್ತಮ ಆಧಾರ’ವೆಂಬ ಮಾತು ಕಾಣುವಷ್ಟು ಸರಳವಾದುದಲ್ಲ. 2023ರ ಮಾರ್ಚಿಯಲ್ಲಿ ಕುಸಿದ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಬಳಿ ಇದ್ದುವುಗಳಲ್ಲಿ ಹೆಚ್ಚಿನವು ಸರ್ಕಾರದ ಬೆಂಬಲವುಳ್ಳ ಸಾಲಪತ್ರಗಳೇ. ಬಡ್ಡಿಯ ದರ ಏರಿದುದರಿಂದ ಅವುಗಳ ಬೆಲೆ ಇಳಿದಿತ್ತು. ಬಳಿಕ ಫೆಡರಲ್ ರಿಸರ್ವ್ ಇಂತಹ ಪತ್ರಗಳಿಗೆ ಪೇಟೆಯ ಬೆಲೆಯನ್ನು ನೋಡದೆ ಮುಖಬೆಲೆಯ ಮೇಲೆಯೇ ಇತರ ಬ್ಯಾಂಕುಗಳಿಗೆ ಸಾಲ ಕೊಟ್ಟಿತು. ಇದು ಸೂತ್ರದ ಪಾಲನೆಯೋ ಉಲ್ಲಂಘನೆಯೋ ಎಂಬುದಕ್ಕೆ ಗ್ರಂಥದಿಂದ ಉತ್ತರ ತೆಗೆಯುವುದು ಸುಲಭವಲ್ಲ.

ಇದಕ್ಕಿಂತಲೂ ದೊಡ್ಡ ಕೊರತೆಯೊಂದಿದೆ. ಬ್ಯಾಂಕಿನ ವ್ಯವಹಾರದ ಮನೆತನದಲ್ಲಿ ಬೆಳೆದ ಬ್ಯಾಜಟನು ಸಂಕಟವನ್ನು ಗಲ್ಲಾದ ಒಳಗಡೆಯಿಂದ ನೋಡಿದನು. ಹೊರಗೆ ಸಾಲುಗಟ್ಟಿ ನಿಂತವನ ದೃಷ್ಟಿ ಆತನಲ್ಲಿ ಕಡಮೆ. ನಮ್ಮ ದೇಶದಲ್ಲಿ ಆ ದೃಷ್ಟಿಯನ್ನು ಶಾಸನದೊಳಗೆ ತಂದದ್ದು 1960ರ ಆಗಸ್ಟ್ 8. ಅಂದು ರಿಸರ್ವ್ ಬ್ಯಾಂಕಿನ ಕೋರಿಕೆಯ ಮೇರೆಗೆ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕಿನ ಬಾಗಿಲು ಮುಚ್ಚಿತು. ತಪಾಸಣೆಯ ಅಧಿಕಾರವನ್ನು 1949ರ ಶಾಸನವು ಕೊಟ್ಟಿತ್ತು, ತಪಾಸಣೆಗಳೂ ನಡೆದಿದ್ದುವು. ಆದರೆ ಕಂಡ ದೋಷವನ್ನು ಬಹಿರಂಗಪಡಿಸಿದರೆ ಬ್ಯಾಂಕು ಅಂದೇ ಬೀಳುವುದು. ಗುಪ್ತವಾಗಿಟ್ಟರೆ ನಾಳೆ ಹಣ ಕಟ್ಟುವವನಿಗೆ ವಂಚನೆಯಾಗುವುದು. ನಿಯಂತ್ರಣದ ನಿಜವಾದ ಕಗ್ಗಂಟು ಇದು. ಭೀತಿಯ ದಿನವನ್ನು ಇಷ್ಟು ಚೆನ್ನಾಗಿ ವರ್ಣಿಸಿದ ಬ್ಯಾಜಟನು ಅದಕ್ಕೆ ಮುಂಚಿನ ಮೌನದ ವರ್ಷಗಳನ್ನು ಕುರಿತು ಹೇಳುವುದು ಅತ್ಯಲ್ಪ.

1962ರ ಜನವರಿ 1ರಿಂದ ಠೇವಣಿ ವಿಮೆ ಜಾರಿಗೆ ಬಂದಿತು. ಆಗಿನ ಮಿತಿ ಒಬ್ಬನಿಗೆ 1,500 ರೂಪಾಯಿ. 1993ರಲ್ಲಿ ಅದು 1 ಲಕ್ಷಕ್ಕೆ ಮುಟ್ಟಿ, ಬೆಲೆಗಳೆಲ್ಲ ಏರುತ್ತಿದ್ದರೂ ಸುಮಾರು 27 ವರ್ಷ ಅಲ್ಲಿಯೇ ನಿಂತಿತು. 5 ಲಕ್ಷಕ್ಕೆ ಏರಿದ್ದು 2020ರ ಫೆಬ್ರವರಿಯಲ್ಲಿ, ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಠೇವಣಿದಾರರು ಹಿಂದಿನ ವರ್ಷ ಬೀದಿಗಿಳಿದ ಮೇಲೆ.