‘ಗೊಲ್ಗೊಥಾ’ ಮತ್ತು ಇಗರ್ಜಿಯ ಕನ್ನಡ

ಗಡಿನಾಡಿನ ನಮ್ಮ ಸಾಹಿತ್ಯ ಸಮ್ಮೇಳನಗಳಲ್ಲಿ ‘ಕನ್ನಡಕ್ಕೆ ಕ್ರೈಸ್ತರ ಸೇವೆ’ ಎಂಬ ವಿಷಯಕ್ಕೆ ಒಂದು ಪ್ರಬಂಧವಾದರೂ ಮೀಸಲಾಗಿರುವುದು ವಾಡಿಕೆ. ಅಲ್ಲಿ ಬರುವ ಮಾತುಗಳು ಬಹುಮಟ್ಟಿಗೆ ನಿಶ್ಚಿತ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು, 1843ರಲ್ಲಿ ಹೆರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, 1894ರಲ್ಲಿ ಕಿಟೆಲರ ನಿಘಂಟು ಪ್ರಕಟವಾಯಿತು. ಇಷ್ಟಕ್ಕೆ ಚಪ್ಪಾಳೆ ಬಿದ್ದು ಮುಂದಿನ ಗೋಷ್ಠಿ ಆರಂಭವಾಗುತ್ತದೆ. ಈ ಸಂಗತಿಗಳೆಲ್ಲ ಸತ್ಯವೇ. ಆದರೆ ‘ಸೇವೆ’ ಎಂಬ ಶಬ್ದವೇ ನಮಗೆ ಇತ್ತೀಚೆಗೆ ಕಿರಿಕಿರಿಯನ್ನುಂಟುಮಾಡುತ್ತದೆ. ಸೇವೆ ಮಾಡಿದವನಿಗೆ ಶಾಲು ಹೊದಿಸಿ ಕಳುಹಿಸುತ್ತೇವೆ. ಅವನು ಬರೆದುದನ್ನು ಓದುವ ಹೊಣೆ ನಮ್ಮ ಮೇಲೆ ಬೀಳುವುದಿಲ್ಲ.

ಕಿಟೆಲರ ವಿಷಯವನ್ನೇ ನೋಡೋಣ. ನಿಘಂಟಿಗೆ ಮೂವತ್ತೆರಡು ವರ್ಷ ಮೊದಲು, 1862ರಲ್ಲಿ, ಅವರು ‘ಕಥಾಮಾಲೆ’ ಎಂಬ ಕಾವ್ಯವನ್ನು ಪ್ರಕಟಿಸಿದರು. ಯೇಸುವಿನ ಜೀವನವನ್ನು ದೇಶೀಯ ಛಂದಸ್ಸಿನಲ್ಲಿ ಹೇಳುವ ಪ್ರಯತ್ನವದು. ಜರ್ಮನಿಯಿಂದ 1853ರಲ್ಲಿ ಬಂದ ತರುಣನೊಬ್ಬ ಒಂಬತ್ತು ವರ್ಷಗಳೊಳಗೆ ಕನ್ನಡದ ಪದ್ಯಬಂಧಕ್ಕೆ ಕೈಯಿಕ್ಕಿದುದು ಸಾಹಸವೇ ಸರಿ. ಮುಂದೆ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಅವರು ಸಂಪಾದಿಸಿದರು. ಪದ್ಯ ಕಟ್ಟುವಾಗ ಎದುರಾದ ಕಷ್ಟವೇ ಅವರನ್ನು ಲಕ್ಷಣಗ್ರಂಥಗಳ ಕಡೆಗೆ ನಡೆಸಿತೆಂದು ನಮ್ಮ ಊಹೆ. ನಮ್ಮ ಪ್ರಬಂಧಕಾರರು ಈ ಕಾವ್ಯದ ಹೆಸರನ್ನು ಒಂದು ಪಟ್ಟಿಯಲ್ಲಿ ಸೇರಿಸಿ ಮುಂದೆ ಸಾಗುತ್ತಾರೆ. ಅದು ಒಳ್ಳೆಯ ಕಾವ್ಯವೇ, ಸಾಧಾರಣವೇ, ಎಲ್ಲಿ ಗೆದ್ದಿದೆ, ಎಲ್ಲಿ ಮುಗ್ಗರಿಸಿದೆ ಎಂದು ಯಾರೂ ಕೇಳುವುದಿಲ್ಲ. ಸೌಜನ್ಯದ ಇಂಥ ಮೌನಕ್ಕಿಂತ ಕಟುವಿಮರ್ಶೆಯೇ ಕವಿಗೆ ಹೆಚ್ಚು ಗೌರವ ತರುವಂಥದು.

ಇದಕ್ಕೆ ಪ್ರತಿಯಾಗಿ ನಮ್ಮವರೇ ಆದ ಮಂಜೇಶ್ವರ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ಬರೆದರು. ಬುದ್ಧನ ಕೊನೆಯ ದಿನಕ್ಕೆ ‘ವೈಶಾಖಿ’ಯನ್ನು ಮೀಸಲಿಟ್ಟರು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಕವಿಯ ಆಸಕ್ತಿ ಮತಬೋಧೆಯಲ್ಲಿಲ್ಲವೆಂಬುದು ಸ್ಪಷ್ಟ. ಮಹಾಪುರುಷನು ಮರಣವನ್ನು ಹೇಗೆ ಎದುರಿಸುತ್ತಾನೆ ಎಂಬುದೇ ಅವರನ್ನು ಕಾಡಿದ ಪ್ರಶ್ನೆ. ಬೋಧೆ, ಪವಾಡ, ಬಾಲ್ಯ ಎಲ್ಲವನ್ನೂ ಬದಿಗಿರಿಸಿ ಒಂದೇ ದಿನಕ್ಕೆ ಕಾವ್ಯವನ್ನು ಕಟ್ಟಿಹಾಕಿದುದು ಅವರ ಕಲಾಪ್ರಜ್ಞೆಗೆ ಸಾಕ್ಷಿ. ಆದರೂ ಸಮ್ಮೇಳನಗಳಲ್ಲಿ ‘ಗೊಲ್ಗೊಥಾ’ ಉಲ್ಲೇಖಗೊಳ್ಳುವುದು ಬಹುತೇಕ ಸರ್ವಧರ್ಮ ಸಮನ್ವಯದ ಪ್ರಮಾಣಪತ್ರವಾಗಿ ಮಾತ್ರ. ಹಿಂದೂ ಕವಿಯೊಬ್ಬ ಕ್ರಿಸ್ತನನ್ನು ಹಾಡಿದನೆಂಬಲ್ಲಿಗೆ ಮಾತು ಮುಗಿಯುತ್ತದೆ.

ಕಾವ್ಯದೊಳಗೆ ಹೊಕ್ಕವರಿಗೆ ಮೊದಲು ಎದುರಾಗುವುದು ಭಾಷೆ. 1911ರಲ್ಲಿಯೇ ಪ್ರಾಸವನ್ನು ತೊರೆದು ಹೊಸದಾರಿ ತೋರಿದ ಕವಿ ಇಲ್ಲಿ ಹಳಗನ್ನಡದ ಶಬ್ದಭಂಡಾರವನ್ನೇ ಸೂರೆಗೊಂಡಿದ್ದಾರೆ. ಆ ಭಾಷೆಯ ಗಾಂಭೀರ್ಯದಿಂದ ಜೆರುಸಲೇಮಿನ ಬೀದಿ ಪಂಪ ರನ್ನರ ರಣರಂಗದಷ್ಟೇ ಎತ್ತರಕ್ಕೆ ಏರುತ್ತದೆ. ಇದು ಲಾಭ. ನಷ್ಟವೂ ಅಲ್ಲಿಯೇ ಇದೆ. ಸುವಾರ್ತೆಯ ಯೇಸು ಮೀನುಗಾರರೊಡನೆ, ಸುಂಕದವರೊಡನೆ ಆಡುಮಾತಿನಲ್ಲಿ ವ್ಯವಹರಿಸಿದವನು. ಪೈಗಳ ಕ್ರಿಸ್ತನನ್ನು ಸಮೀಪಿಸಬೇಕಾದರೆ ನಿಘಂಟು ಕೈಯಲ್ಲಿರಬೇಕು. ಅದೂ ಕಿಟೆಲರದೇ ಆದರೆ ಒಳಿತು! ನೋವಿನ ನೇರ ಮಾತು ಬರಬೇಕಾದಲ್ಲಿ ಸಮಾಸದ ಭಾರ ಅಡ್ಡ ಬರುವುದುಂಟೆಂಬುದು ನಮ್ಮ ಅಭಿಪ್ರಾಯ. ಕವಿಯ ಮೇಲಣ ಭಕ್ತಿಯಿಂದ ಇದನ್ನು ಮರೆಮಾಚಬೇಕಾಗಿಲ್ಲ.

ಹಿಂದೊಮ್ಮೆ ತರಗತಿಯಲ್ಲಿ ಈ ಕಾವ್ಯದ ಕೆಲವು ಭಾಗಗಳನ್ನು ನಾವು ಮಕ್ಕಳ ಮುಂದಿಟ್ಟಿದ್ದೆವು. ತಾಳಮದ್ದಳೆ ಕೇಳಿ ಬೆಳೆದ ಹುಡುಗರು ಶಬ್ದಗಳನ್ನು ಬಿಡಿಸಿದರು, ಆದರೆ ಪಿಲಾತನೆಂದರೆ ಯಾರೆಂದು ಅವರಿಗೆ ತಿಳಿಯದು. ಇಗರ್ಜಿಗೆ ಹೋಗುವ ಮೂರು ನಾಲ್ಕು ಮಕ್ಕಳಿಗೆ ಕಥೆಯೆಲ್ಲ ಕಂಠಪಾಠ. ಶಬ್ದಗಳು ಮಾತ್ರ ಬೇರೆ ಯಾವುದೋ ದೇಶದ್ದೆನಿಸಿದವು. ಇಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸಿದ ಮೇಲೆಯೇ ಪಾಠ ಮುಂದೆ ಸಾಗಿತು.

ಆ ಮಕ್ಕಳಿಗೆ ಕಥೆ ದೊರೆತುದು ಬೇರೊಂದು ಕನ್ನಡದಿಂದ. ಅದರ ಪರಂಪರೆ ಸಣ್ಣದಲ್ಲ. ಬಳ್ಳಾರಿಯಲ್ಲಿ ನೆಲೆಸಿದ ಜಾನ್ ಹ್ಯಾಂಡ್ಸ್ ಮತ್ತವರ ಸಹಾಯಕರ ದುಡಿಮೆಯಿಂದ 1831ರ ಹೊತ್ತಿಗೆ ಬೈಬಲ್ ಸಮಗ್ರವಾಗಿ ಕನ್ನಡಕ್ಕೆ ಬಂದಿತ್ತು. ಬಳಿಕ ಮಂಗಳೂರಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಅದನ್ನು ತಿದ್ದಿದರು. ಮುದ್ದಣ ‘ರಾಮಾಶ್ವಮೇಧ’ವನ್ನು ಬರೆಯುವುದಕ್ಕೆ ಎಷ್ಟೋ ಮೊದಲೇ ಒಂದು ಸಮುದಾಯ ವಾರವಾರವೂ ಕನ್ನಡ ಗದ್ಯವನ್ನು ಗಟ್ಟಿಯಾಗಿ ಓದುತ್ತಿತ್ತು, ಕೇಳುತ್ತಿತ್ತು. ಈ ಗದ್ಯವನ್ನು ‘ಪಾದ್ರಿ ಕನ್ನಡ’ವೆಂದು ನಗೆಯಾಡುವುದು ನಮ್ಮ ಪಂಡಿತರಿಗೆ ರೂಢಿ. ನಗುವುದಕ್ಕೆ ಕಾರಣಗಳಿಲ್ಲವೆಂದಲ್ಲ. ಅನ್ಯದೇಶ್ಯವಾದ ವಾಕ್ಯಗಳು ಅಲ್ಲಿ ಸಾಕಷ್ಟಿವೆ. ಖಂಡನೆಯ ಕಿರುಹೊತ್ತಗೆಗಳಂತೂ ಭಾಷೆಯಲ್ಲಿಯೂ ಭಾವದಲ್ಲಿಯೂ ಒರಟು. ಆದರೆ ಅದೇ ಕಮ್ಮಟದಲ್ಲಿ ದೀಕ್ಷಾಸ್ನಾನ, ಪರಲೋಕರಾಜ್ಯ, ಸುವಾರ್ತೆ ಮುಂತಾದ ಶಬ್ದಗಳು ರೂಪುಗೊಂಡವು. ‘ದೀಕ್ಷೆ’ ಶೈವರೂ ಜೈನರೂ ತಲೆತಲಾಂತರದಿಂದ ಬಳಸಿದ ಮಾತು. ಅದಕ್ಕೆ ಸ್ನಾನವನ್ನು ಜೋಡಿಸಿದಾಗ ಪರದೇಶದ ಒಂದು ಸಂಸ್ಕಾರ ಕನ್ನಡದ ಅಂಗಳಕ್ಕೆ ಕಾಲಿಟ್ಟಿತು. ಭಾಷೆಯ ದೃಷ್ಟಿಯಿಂದ ಇದು ಕಾವ್ಯರಚನೆಗೆ ಕಡಿಮೆಯಾದ ಕೆಲಸವಲ್ಲ.

ಸ್ತೋತ್ರಗೀತೆಗಳಲ್ಲಿ ಮಾತ್ರ ತೊಡಕು ಹೆಚ್ಚು. ಜರ್ಮನ್, ಇಂಗ್ಲಿಷ್ ಧಾಟಿಗಳು ಒತ್ತಿನ ಮೇಲೆ ನಿಂತವು. ಕನ್ನಡ ಪದ್ಯ ಮಾತ್ರೆಯ ಮೇಲೆ ನಿಂತುದು. ಆ ಧಾಟಿಗೆ ಕನ್ನಡವನ್ನು ತುಂಬಿದಾಗ ದೀರ್ಘಾಕ್ಷರ ಮೊಟಕಾಗುತ್ತದೆ, ಹ್ರಸ್ವ ಎಳೆದಾಡುತ್ತದೆ. ನಮ್ಮ ರಾಗಗಳಲ್ಲಿ ಕಟ್ಟಿದ ಕೀರ್ತನೆಗಳಲ್ಲಿ ಈ ದೋಷವಿಲ್ಲ, ಹಾಡುವವರ ಕಂಠವೂ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಈ ಭೇದವನ್ನು ಛಂದಸ್ಸು ಬಲ್ಲ ವಿದ್ವಾಂಸರು ವಿವೇಚಿಸಬೇಕಿತ್ತು.

ಧಾರವಾಡದ ಕಡೆಯ ಉತ್ತಂಗಿ ಚೆನ್ನಪ್ಪನವರನ್ನು ಇಲ್ಲಿ ನೆನೆಯಬೇಕು. ಸಭಾಪಾಲಕರಾಗಿದ್ದುಕೊಂಡೇ ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದವರು ಅವರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಎರಡು ವರ್ಷದ ಬಳಿಕ ಮುಂಬಯಿಯ ಸಮ್ಮೇಳನದಲ್ಲಿ ಆ ಪೀಠವನ್ನೇರಿದವರು ಗೋವಿಂದ ಪೈಗಳು. ಕ್ರೈಸ್ತರೊಬ್ಬರು ಸರ್ವಜ್ಞನನ್ನು ಓದಿದ ಶ್ರದ್ಧೆಯಿಂದ ನಾವು ಕ್ರೈಸ್ತರ ಕನ್ನಡವನ್ನು ಓದಿದ್ದೇವೆಯೆ?

ಕಾಸರಗೋಡಿನವರಾದ ನಮಗೆ ಇದು ಪಾಂಡಿತ್ಯದ ಪ್ರಶ್ನೆಯಷ್ಟೇ ಅಲ್ಲ. ನಮ್ಮ ಕರಾವಳಿಯ ಕಥೋಲಿಕರ ಮನೆಮಾತು ಕೊಂಕಣಿ. ಅವರ ಪ್ರಾರ್ಥನಾ ಪುಸ್ತಕಗಳು, 1938ರಲ್ಲಿ ಆರಂಭವಾದ ‘ರಾಕ್ಣೊ’ ಪತ್ರಿಕೆ, ಎಲ್ಲವೂ ಕನ್ನಡ ಲಿಪಿಯಲ್ಲಿ. ಪ್ರೊಟೆಸ್ಟಂಟರ ತುಳು ಹೊಸ ಒಡಂಬಡಿಕೆ ಅಚ್ಚಾದುದೂ ಕನ್ನಡ ಲಿಪಿಯಲ್ಲಿಯೇ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ಮೇಲೆ ಕನ್ನಡ ಶಾಲೆಯಿಂದ ದೂರ ಸರಿದ ಮನೆಗಳಲ್ಲಿ ಮಗುವಿಗೆ ಕನ್ನಡ ಅಕ್ಷರ ತಪ್ಪಿತು. ಅದರೊಡನೆ ಅಜ್ಜಿಯ ಜಪದ ಪುಸ್ತಕವೂ ಕೈತಪ್ಪಿತು. ಕನ್ನಡ ಶಾಲೆ ಉಳಿಯಬೇಕೆಂದು ನಾವು ಮನವಿ ಬರೆಯುವಾಗ ಯಕ್ಷಗಾನವನ್ನು ಉಲ್ಲೇಖಿಸುತ್ತೇವೆ, ಪಾರ್ತಿಸುಬ್ಬನನ್ನು ಸ್ಮರಿಸುತ್ತೇವೆ. ಕೊಂಕಣಿಯಲ್ಲಿ ಪ್ರಾರ್ಥಿಸುವ ಕುಟುಂಬಕ್ಕೂ ಇದೇ ಲಿಪಿಯೇ ಆಧಾರವೆಂಬುದನ್ನು ಬರೆದ ಮನವಿ ನಮ್ಮ ಕಣ್ಣಿಗೆ ಬಿದ್ದಿಲ್ಲ.

‘ಗೊಲ್ಗೊಥಾ’ಕ್ಕೆ ವಿದ್ಯಾರ್ಥಿಗಳ ಕೈಗೆ ಕೊಡಬಹುದಾದ ಒಂದು ಸಟೀಕ ಮುದ್ರಣ ಇಂದು ಅಗತ್ಯವಾಗಿದೆ. ಒಂದು ಪುಟದಲ್ಲಿ ಕಾವ್ಯ, ಎದುರಿಗೆ ಕಠಿನ ಶಬ್ದಗಳಿಗೆ ಅರ್ಥ, ಕೆಳಗೆ ಸುವಾರ್ತೆಯ ಪ್ರಸಂಗದ ಸೂಚನೆ ಇರಬೇಕು. ಹಳಗನ್ನಡ ಬಲ್ಲ ಅಧ್ಯಾಪಕರೊಬ್ಬರೂ ಬೈಬಲನ್ನು ಬಾಲ್ಯದಿಂದ ಕೇಳಿ ಬಲ್ಲವರೊಬ್ಬರೂ ಒಟ್ಟಿಗೆ ಕುಳಿತರೆ ಒಂದು ಮಳೆಗಾಲದಲ್ಲಿ ಮುಗಿಯುವ ಕೆಲಸ. ಮೊದಲನೆಯವರು ನಮ್ಮ ಸಂಘದಲ್ಲಿ ಹಲವರಿದ್ದಾರೆ. ಎರಡನೆಯವರ ಹೆಸರು ನಮ್ಮ ಸದಸ್ಯರ ಪಟ್ಟಿಯಲ್ಲಿ ಇನ್ನೂ ಸೇರಿಲ್ಲ. ಅವರ ಮನೆ ಇಗರ್ಜಿಯ ಪಕ್ಕದ ಓಣಿಯಲ್ಲಿದೆ, ಈ ಸಭಾಂಗಣದಿಂದ ನಡೆದೇ ಹೋಗಬಹುದು.