ಭಂಗಾಲಕ್ಷಣ ವಿಚಾರ

ಲಕ್ಷಣವಾಕ್ಯವು ತನ್ನ ಲಕ್ಷ್ಯವನ್ನು ಇತರ ವಸ್ತುಗಳಿಂದ ಬೇರ್ಪಡಿಸಿ ತೋರಿಸಬೇಕು; ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ದೋಷಗಳು ಅದರಲ್ಲಿರಕೂಡದು. ತರ್ಕಶಾಸ್ತ್ರದಲ್ಲಿ ಬಾಲಪಾಠವೆನಿಸಿರುವ ಈ ನಿಯಮವನ್ನು ರಾಜಶಾಸನಗಳಿಗೆ ಅನ್ವಯಿಸಿ ನೋಡುವ ವಾಡಿಕೆ ವಿದ್ವಾಂಸರಲ್ಲಿ ವಿರಳವಾಗಿದೆ. ಕಾವ್ಯದ ಲಕ್ಷಣ ತಪ್ಪಿದರೆ ಒಂದು ವಾದ ಹುಟ್ಟುತ್ತದೆ. ಶಾಸನದ ಲಕ್ಷಣ ತಪ್ಪಿದರೆ ಒಬ್ಬ ಮನುಷ್ಯನು ಹತ್ತು ವರ್ಷ ಸೆರೆಮನೆಯಲ್ಲಿರಬೇಕಾದೀತು. ಭಾರತದ 1985ನೆಯ ಇಸವಿಯ ಮಾದಕದ್ರವ್ಯಗಳ ಕಾಯಿದೆಯು (ಎನ್.ಡಿ.ಪಿ.ಎಸ್.) ‘ಕ್ಯಾನಬಿಸ್’ ಎಂಬ ಪದಕ್ಕೆ ಹೇಳಿರುವ ಲಕ್ಷಣವು ಈ ದೃಷ್ಟಿಯಿಂದ ಪರೀಕ್ಷಾರ್ಹವಾದುದು. ಆ ಗಿಡದ ಎಣ್ಣೆ, ಲೇಪ, ಗುಳಿಗೆಗಳನ್ನು ಆರೋಗ್ಯವರ್ಧಕಗಳೆಂದು ಮಾರಲು ಹೊರದೇಶದ ವ್ಯಾಪಾರಿಗಳೂ ಇಲ್ಲಿಗೆ ಬರಬಯಸುತ್ತಿರುವುದರಿಂದ ಈ ಪರೀಕ್ಷೆಗೆ ಪ್ರಯೋಜನವೂ ಉಂಟು.

ಕಾಯಿದೆಯ ಎರಡನೆಯ ಪ್ರಕರಣದ ಪ್ರಕಾರ ಕ್ಯಾನಬಿಸ್ ಎಂಬುದು ಮೂರು ಬಗೆ: ಗಿಡದಿಂದ ಬೇರ್ಪಡಿಸಿದ ರಾಳವಾದ ಚರಸ್ಸು, ಹೂ ಅಥವಾ ಕಾಯಿ ಬಿಟ್ಟ ತುದಿಯಾದ ಗಾಂಜಾ, ಇವುಗಳ ಮಿಶ್ರಣ ಮತ್ತು ಇವುಗಳಿಂದಾದ ಪಾನೀಯ. ತುದಿಯೊಡನೆ ಕೂಡಿರದ ಎಲೆಯೂ ಬೀಜವೂ ಗಾಂಜಾ ಎನಿಸುವುದಿಲ್ಲ. 1930ರ ಅಪಾಯಕರ ಔಷಧಗಳ ಕಾಯಿದೆಯಾದರೋ ಎಲೆಯನ್ನೂ ಸಣ್ಣ ಕಡ್ಡಿಯನ್ನೂ ಒಳಗೊಂಡು, ಭಂಗಿಯ ಹೆಸರನ್ನೇ ಎತ್ತಿ ಹೇಳಿತ್ತು. ಎಲೆಯನ್ನು ಹೊರಗಿಟ್ಟ ಹೊಸ ಪಾಠವು 1961ರ ಅಂತಾರಾಷ್ಟ್ರೀಯ ಒಡಂಬಡಿಕೆಯ ಪಾಠವನ್ನು ಬಹುಮಟ್ಟಿಗೆ ಅನುಸರಿಸಿದೆ. ಬಹುಮಟ್ಟಿಗೆ ಎನ್ನಲು ಕಾರಣವುಂಟು: ಒಡಂಬಡಿಕೆಯು ತುದಿಗೆ ‘ರಾಳವನ್ನು ತೆಗೆದಿರದ’ ಎಂಬರ್ಥದ ವಿಶೇಷಣವೊಂದನ್ನು ಸೇರಿಸಿದೆ, ಭಾರತದ ಪಾಠದಲ್ಲಿ ಅದು ಇಲ್ಲ. ಆದುದರಿಂದ ಸಾರವೆಲ್ಲ ಹೋಗಿ ಉಳಿದ ಹೂವಿನ ಚರಟವು ಒಡಂಬಡಿಕೆಯ ಲಕ್ಷಣಕ್ಕೆ ಹೊರಗಾದರೂ ಇಲ್ಲಿಯ ಅಕ್ಷರಾರ್ಥಕ್ಕೆ ಗಾಂಜಾವೇ ಆಗುತ್ತದೆ. ಗ್ರಂಥಸಂಪಾದನೆಯಲ್ಲಿ ಪಳಗಿದವರು ಇಂಥ ಪಾಠಲೋಪವನ್ನು ಅಲ್ಪವೆಂದು ಬಿಡುವುದಿಲ್ಲ.

ಈ ಲಕ್ಷಣವು ಅವಯವವನ್ನು ಆಶ್ರಯಿಸಿದೆ, ದ್ರವ್ಯಗುಣವನ್ನಲ್ಲ. ನಿಷೇಧದ ತಾತ್ಪರ್ಯವು ಮದಜನಕತ್ವವೆಂದು ಇಟ್ಟುಕೊಂಡರೆ ದೋಷಗಳು ಎರಡೂ ಕಡೆ ಕಾಣುತ್ತವೆ. ನಾರಿಗಾಗಿಯೇ ಬೆಳೆದ, ಮದವೇರಿಸುವ ಟಿ.ಎಚ್.ಸಿ. ಎಂಬ ಅಂಶವು ನಗಣ್ಯವಾಗಿರುವ ತಳಿಯ ಹೂವೂ ಗಾಂಜಾವೇ: ಇದು ಅತಿವ್ಯಾಪ್ತಿ. ಆ ಅಂಶವನ್ನು ಸಾಕಷ್ಟು ಉಳ್ಳ ಎಲೆಯು ತಪ್ಪಿಸಿಕೊಳ್ಳುತ್ತದೆ: ಇದು ಅವ್ಯಾಪ್ತಿ. 2022ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಜಾಮೀನಿನ ಪ್ರಸಂಗವೊಂದರಲ್ಲಿ, ಚರಸ್ಸಿನಿಂದಲೋ ಗಾಂಜಾದಿಂದಲೋ ಸಿದ್ಧವಾದುದೆಂದು ತೋರದ ಹೊರತು ಭಂಗಿಯು ಈ ಕಾಯಿದೆಯ ನಿಷೇಧಕ್ಕೆ ಒಳಪಡದೆಂಬ ಅಭಿಪ್ರಾಯವನ್ನು ತಾಳಿದುದು ಈ ಲಕ್ಷಣದ ನೇರವಾದ ಫಲ. ರಾಜ್ಯಗಳ ಅಬಕಾರಿ ಕಾಯಿದೆಗಳ ಮಾತು ಬೇರೆ.

ಪ್ರಾಚೀನರ ಕ್ರಮವನ್ನು ಇಲ್ಲಿ ಹೋಲಿಸಿ ನೋಡಬಹುದು. ಪಾಣಿನಿಗೆ ಭಂಗಾ ಎಂಬುದು ಎಳ್ಳು, ಉದ್ದು, ಅಗಸೆಗಳ ಸಾಲಿನ ಒಂದು ಬೆಳೆ. ಅದು ಬೆಳೆಯುವ ಹೊಲಕ್ಕೆ ಭಂಗ್ಯ, ಭಾಂಗೀನ ಎಂಬ ರೂಪಗಳನ್ನು ಅವನು ಸಾಧಿಸಿದ್ದಾನೆ. ಶಾರ್ಙ್ಗಧರನು ಅದನ್ನು ವ್ಯವಾಯಿ ದ್ರವ್ಯಕ್ಕೆ ಉದಾಹರಿಸುತ್ತಾನೆ. ಎಂದರೆ ಮೊದಲು ದೇಹವನ್ನೆಲ್ಲ ವ್ಯಾಪಿಸಿ ಅನಂತರ ಪಾಕಹೊಂದುವಂಥದು. ಕರ್ಮದಿಂದ ದ್ರವ್ಯವನ್ನು ಗುರುತಿಸುವ ಈ ಮಾರ್ಗವು ವೈದ್ಯನಿಗೆ ಸಹಜ. 1945ರ ಔಷಧ ನಿಯಮಗಳ ಇ(1) ಪಟ್ಟಿಯೂ ಬೀಜವನ್ನು ಬಿಟ್ಟು ಭಂಗಿಯನ್ನು ವಿಷದ್ರವ್ಯಗಳಲ್ಲಿ ಎಣಿಸಿದೆ. ಅದನ್ನುಳ್ಳ ಆಯುರ್ವೇದೌಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸತಕ್ಕದ್ದೆಂಬ ಎಚ್ಚರಿಕೆ ಇರಬೇಕು. ಎಲೆಯ ಸಾರವನ್ನು ಮಾರಬಯಸುವವನಿಗೆ ಆಯುರ್ವೇದೌಷಧದ ಪರವಾನಗಿಯೇ ದಾರಿ.

ಹೊರಗಿನಿಂದ ಬರುವ ವರ್ತಕನ ತೊಡಕು ಇಲ್ಲಿಯೇ ಇದೆ. 2018ರ ಅಮೆರಿಕದ ಕೃಷಿಕಾಯಿದೆಯು ಹೂವೂ ಸೇರಿದಂತೆ ಇಡೀ ಗಿಡವನ್ನು ಶೇಕಡಾ 0.3ರ ಟಿ.ಎಚ್.ಸಿ. ಮಿತಿಯಿಂದ ವಿಭಾಗಿಸಿತು, 2025ರಲ್ಲಿ ಆ ಅಳತೆಯನ್ನು ಬಿಗಿಗೊಳಿಸಿದರೂ ಲಕ್ಷಣದ ಜಾತಿ ಬದಲಾಗಲಿಲ್ಲ. ಉತ್ತರಾಖಂಡವು 2018ರಿಂದ ಪರವಾನಗಿಯ ಮೇಲೆ ಮಾಡಿಸುತ್ತಿರುವ ಬೇಸಾಯಕ್ಕೂ ಅದೇ 0.3ರ ಮಿತಿಯನ್ನು ಇಟ್ಟುಕೊಂಡಿತು. ಕೇಂದ್ರದ ಕಾಯಿದೆಯ ಲಕ್ಷಣದಲ್ಲಿ ಮಾತ್ರ ಯಾವ ಅಂಕೆಯೂ ಇಲ್ಲ. ಮದವೇರಿಸದ ಸಿ.ಬಿ.ಡಿ. ಎಂಬ ಅಂಶದ ಹೆಸರು ಆ ಲಕ್ಷಣದಲ್ಲಿ ಬಂದೇ ಇಲ್ಲ. ಎಲೆಯಿಂದ ತೆಗೆದ ಎಣ್ಣೆಯೊಂದು, ಹೂವಿನ ತುದಿಯಿಂದ ತೆಗೆದುದೊಂದು; ಸೀಸೆಯಲ್ಲಿ ಎರಡೂ ಒಂದೇ ಆಗಿ ತೋರಬಹುದು. ರಸಾಯನಶಾಲೆಯವನು ಅಂಶಗಳನ್ನು ಅಳೆದು ಹೇಳಬಲ್ಲನೇ ಹೊರತು ಯಾವ ಅವಯವವನ್ನು ಹಿಂಡಿದರೆಂಬುದನ್ನು ನಿಶ್ಚಯವಾಗಿ ಹೇಳಲಾರನು. ಆದರೂ ಒಂದು ಔಷಧವಾಗಬಹುದು, ಇನ್ನೊಂದು ಅಪರಾಧ. ಕೈಯಿಂದ ಕಿತ್ತು ಕಣ್ಣಿಂದ ಆರಿಸುವ ಭಂಗಿ, ಗಾಂಜಾ, ಚರಸ್ಸುಗಳಿಗೆ ಸಲ್ಲುವ ಲಕ್ಷಣವು ಸಾರರೂಪದ ವಸ್ತುವಿಗೆ ಸಲ್ಲುವುದಿಲ್ಲ. ತಯಾರಕರ ಪ್ರಮಾಣಪತ್ರವು ಮೂಲವನ್ನು ತಿಳಿಸುವುದಲ್ಲವೇ ಎಂದು ಪೂರ್ವಪಕ್ಷಿಯು ಕೇಳಬಹುದು. ಹಾಗಾದರೆ ಲಕ್ಷಣವಿರುವುದು ಕಾಗದದಲ್ಲಿಯೇ ಹೊರತು ಲಕ್ಷ್ಯದಲ್ಲಲ್ಲ.

ಬೀಜದ ವಿಷಯದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು 2021ರ ನವೆಂಬರಿನಲ್ಲಿ ಮಾಡಿದ ನಿಯಮವು ಇದಕ್ಕಿಂತ ಪ್ರಶಂಸನೀಯ. ಕಿಲೋಗ್ರಾಮಿಗೆ ಬೀಜದಲ್ಲಿ 5, ಬೀಜದೆಣ್ಣೆಯಲ್ಲಿ 10, ಬೀಜದ ಪಾನೀಯದಲ್ಲಿ 0.2 ಮಿಲಿಗ್ರಾಮಿಗೆ ಟಿ.ಎಚ್.ಸಿ. ಮೀರಕೂಡದು, ಸಿ.ಬಿ.ಡಿ. 75ನ್ನು ಮೀರಕೂಡದು. ಅಳೆದು ಹೌದು ಅಲ್ಲವೆನ್ನಬಹುದಾದ ಲಕ್ಷಣವಿದು. ಆರೋಗ್ಯವರ್ಧಕವೆಂದು ಸಿ.ಬಿ.ಡಿ.ಯನ್ನು ಆಹಾರದ ಹೆಸರಿನಲ್ಲಿ ತುಂಬಿ ಮಾರಲು ಅದರಲ್ಲಿ ಎಡೆಯಿಲ್ಲವೆಂಬುದೂ ಸ್ಪಷ್ಟ.

ಆದರೆ ಇದೇ ನಿಯಮದ ಪ್ರಕಾರ ಚೀಟಿಯ ಮೇಲೆ ‘ಕ್ಯಾನಬಿಸ್’ ಎಂಬ ಪದ ಬರಕೂಡದು. ಬೀಜದ ಹೊರತು ಗಿಡದ ಬೇರೆ ಭಾಗದ ಚಿತ್ರವೂ ಕೂಡದು. ಹಾಗಾಗಿ ಉಳಿಯುವುದು ‘ಹೆಂಪ್’ ಎಂಬ ಇಂಗ್ಲಿಷ್ ಶಬ್ದ. ಅದನ್ನು ನಿಘಂಟು ನೋಡಿ ಕನ್ನಡಿಸುವವರು ‘ಸೆಣಬು’ ಎಂದು ಬರೆದುಬಿಡುತ್ತಾರೆ. ಸೆಣಬೆಂದರೆ ಕನ್ನಡದ ರೈತನಿಗೆ ಹಳದಿ ಹೂ ಬಿಡುವ, ಹಸುರುಗೊಬ್ಬರಕ್ಕೂ ಹಗ್ಗಕ್ಕೂ ಬೆಳೆಯುವ ಶಣ. ಪೇಟೆಯವನಿಗೆ ಗೋಣಿಚೀಲದ ನಾರು. ಆ ಶಣದ ಬೀಜವು ತಿನ್ನತಕ್ಕದ್ದಲ್ಲ, ದನಕರುಗಳಿಗೂ ವಿಷಕರ. ಕನ್ನಡ ಚೀಟಿಯಲ್ಲಿ ‘ಸೆಣಬಿನ ಬೀಜ’ವೆಂದು ಅಚ್ಚಾಗುವ ಬದಲು ‘ಭಂಗಿಬೀಜ’ವೆಂದು ಅಚ್ಚಾಗುವುದು ಯುಕ್ತ.