ಸಾವಿರ ಪ್ರತಿಗಳ ಪಾಠ

ಅತ್ತಿಮಬ್ಬೆಯ ಬಗ್ಗೆ ನಮ್ಮ ಸಾಹಿತ್ಯ ಚರಿತ್ರೆಗಳು ಹೇಳುವ ಒಂದು ಮಾತು ಎಲ್ಲರಿಗೂ ಬಾಯಿಪಾಠ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು, 1500 ಜಿನಬಿಂಬಗಳನ್ನು ಮಾಡಿಸಿ ದಾನ ಕೊಟ್ಟಳು. ಶಾಲೆಯ ಪಾಠದಲ್ಲಿ, ಪ್ರಶಸ್ತಿ ಪ್ರದಾನದ ಭಾಷಣದಲ್ಲಿ, ಪಿಎಚ್‌ಡಿ ಪ್ರಬಂಧದ ಮೊದಲ ಅಧ್ಯಾಯದಲ್ಲಿ ಈ ಮಾತು ಬರುತ್ತದೆ. ಅದರ ಹಿಂದೆಯೇ ‘ದಾನಚಿಂತಾಮಣಿ’ ಎಂಬ ಬಿರುದು ಬರುತ್ತದೆ. ಅಲ್ಲಿಗೆ ಮುಗಿಯಿತು. ಅವಳ ಕೆಲಸವನ್ನು ನಾವು ಧರ್ಮದ ಖಾತೆಗೆ ಜಮಾ ಮಾಡಿಬಿಟ್ಟಿದ್ದೇವೆ. ಸಾಹಿತ್ಯದ ಖಾತೆಯಲ್ಲಿ ಬರೆದ ಪೊನ್ನ ಇದ್ದಾನೆ, ಅವಳ ಆಶ್ರಯ ಪಡೆದ ರನ್ನ ಇದ್ದಾನೆ. ಪ್ರತಿ ಮಾಡಿಸಿದವಳು ಆಶ್ರಯದಾತೆಯಾಗಿ ಮಾತ್ರ ಉಳಿದಿದ್ದಾಳೆ.

ಒಂದು ಕೃತಿಯನ್ನು ಪ್ರತಿ ಮಾಡಿಸಿ ಬೇರೆ ಬೇರೆ ಜಾಗಗಳಲ್ಲಿ ಇಡುವುದೂ ಸಾಹಿತ್ಯದ ಕೆಲಸವೇ ಎಂದು ಒಪ್ಪಿಕೊಂಡರೆ ನಮ್ಮ ಚರಿತ್ರೆ ಹೇಗೆ ಕಂಡೀತು? ಹಾಗೆ ಓದಲು ಪ್ರಯತ್ನಿಸಿದ್ದೇನೆ. ಕಂಪ್ಯೂಟರಿನಲ್ಲಿ ಬರೆದು ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವ ನಮ್ಮ ಕಾಲಕ್ಕೂ ಈ ಪ್ರಶ್ನೆ ಸೇರಿದ್ದು ಎಂಬುದು ನನ್ನ ವಾದ.

‘ಶಾಂತಿಪುರಾಣ’ದ ಹಿನ್ನೆಲೆ ನೋಡಿ. ಪೊನ್ನ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದವನು. ಕಾವ್ಯವನ್ನು ಬರೆಸಿದವರು ಮಲ್ಲಪ ಮತ್ತು ಪುನ್ನಮಯ್ಯ ಎಂಬ ಅಣ್ಣತಮ್ಮಂದಿರು. ಈ ಮಲ್ಲಪನ ಮಗಳೇ ಅತ್ತಿಮಬ್ಬೆ. 973ರಲ್ಲಿ ರಾಷ್ಟ್ರಕೂಟರ ಆಳ್ವಿಕೆ ಮುಗಿದು ಚಾಳುಕ್ಯ ತೈಲಪನ ಕಾಲ ಬಂತು. ರನ್ನನ ‘ಅಜಿತಪುರಾಣ’ 993ರದ್ದು, ಲಕ್ಕುಂಡಿಯ ಶಾಸನ 1007ರದ್ದು. ಅಂದರೆ ಅವಳ ತಲೆಮಾರಿನ ಹೊತ್ತಿಗೆ ಪೊನ್ನನನ್ನು ‘ಉಭಯಕವಿಚಕ್ರವರ್ತಿ’ ಎಂದು ಕರೆದ ಅರಮನೆಯೇ ಇರಲಿಲ್ಲ. ಅರಮನೆಯನ್ನು ನಂಬಿಕೊಂಡ ಪುಸ್ತಕ ಅರಮನೆಯ ಜೊತೆ ಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡ ಕಾಲ ಅದು. ತಂದೆ ಬರೆಸಿದ ಕಾವ್ಯವನ್ನು ಮಗಳು ಹಲವರ ಕೈಗೆ ಹಂಚಿದಳು. ಸಾವಿರ ಎಂಬುದು ದಾನದ ಲೆಕ್ಕದ ದುಂಡು ಸಂಖ್ಯೆ ಆಗಿದ್ದರೂ ಮಾತಿನ ತೂಕ ಕಡಿಮೆಯಾಗುವುದಿಲ್ಲ. ಓಲೆಗರಿಯನ್ನು ಹದ ಮಾಡಿ, ಕಂಠದಿಂದ ಕೊರೆದು, ಮಸಿ ತುಂಬಿ, ಒಂದೊಂದನ್ನೂ ಕೈಯಲ್ಲೇ ಬರೆಯಬೇಕಿದ್ದ ಕಾಲದಲ್ಲಿ ಅದು ಸಣ್ಣ ಖರ್ಚಲ್ಲ.

ಅದೇ ಪೊನ್ನ ‘ಭುವನೈಕರಾಮಾಭ್ಯುದಯ’ ಎಂಬ ಕಾವ್ಯವನ್ನೂ ಬರೆದಿದ್ದ. ಅದು ಇವತ್ತು ಇಲ್ಲ. ರನ್ನನ ‘ಪರಶುರಾಮಚರಿತ’ ಮತ್ತು ‘ಚಕ್ರೇಶ್ವರಚರಿತ’ ಇಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’, ‘ಹರಿವಂಶ’ ಇಲ್ಲ. ಆತನ ಪದ್ಯಗಳು ಉಳಿದಿರುವುದು ಮಲ್ಲಿಕಾರ್ಜುನನ ‘ಸೂಕ್ತಿಸುಧಾರ್ಣವ’, ಕೇಶಿರಾಜನ ‘ಶಬ್ದಮಣಿದರ್ಪಣ’ದಂಥ ಕೃತಿಗಳ ಉದಾಹರಣೆಗಳಲ್ಲಿ. ವ್ಯಾಕರಣ ಬರೆಯಲು ಹೊರಟವನು ತಾನು ಒಬ್ಬ ಕವಿಯ ತುಣುಕುಗಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿರಲಿಕ್ಕಿಲ್ಲ. ಆದರೂ ಬೇರೆ ಕಡೆ ಬಿದ್ದ ಆ ತುಣುಕೇ ಕೊನೆಗೆ ಕೈಗೆ ಸಿಕ್ಕಿತು.

ಹಾಗೆಂದು ಹಂಚಿದ್ದೆಲ್ಲ ಉಳಿಯಿತು, ಹಂಚದ್ದೆಲ್ಲ ಅಳಿಯಿತು ಎಂದು ಸೂತ್ರ ಮಾಡಲಾಗದು. ‘ಗದಾಯುದ್ಧ’ಕ್ಕೆ ಅಂಥ ಪ್ರತಿದಾನಿಯ ಹೆಸರು ಅಂಟಿಕೊಂಡಿಲ್ಲ, ಅದು ಉಳಿದಿದೆ. ತೀರ್ಥಂಕರ ಚರಿತೆಗಳಿಗೆ ಬಸದಿಗಳಲ್ಲಿ ಓದುಗರಿದ್ದರು ಎಂಬುದೂ ನಿಜ. ಆದರೆ ಕೃತಿಯ ಗುಣವೊಂದೇ ಅದನ್ನು ಕಾಲ ದಾಟಿಸುತ್ತದೆ ಎಂಬ ನಮ್ಮ ವಿಮರ್ಶೆಯ ನಂಬಿಕೆಯನ್ನು ಪೊನ್ನನ ಈ ಎರಡು ಕಾವ್ಯಗಳ ಹಣೆಬರಹ ಪ್ರಶ್ನಿಸುತ್ತದೆ.

ಇದಕ್ಕೆ ಎದುರಾದ ಉದಾಹರಣೆ ಮೂಡುಬಿದಿರೆಯದು. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ‘ಧವಲಾ’ ಟೀಕೆ ಶತಮಾನಗಳ ಕಾಲ ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಮಾತ್ರ ಇತ್ತು. ದೂರದೂರದಿಂದ ಬಂದವರಿಗೆ ಅದರ ದರ್ಶನ ಸಿಗುತ್ತಿತ್ತು, ಓದು ಸಿಗುತ್ತಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಅದನ್ನು ಪ್ರತಿ ಮಾಡುವ ಕೆಲಸ ಶುರುವಾಯಿತು. ಆ ಪ್ರತಿಯೂ ಅಲ್ಲೇ ಇರಬೇಕಿತ್ತು. ಬರೆಯಲು ನೇಮಕವಾಗಿದ್ದ ವಿದ್ವಾಂಸರೊಬ್ಬರು ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡರು. ಅದು ಉತ್ತರದ ಸಹಾರನ್‌ಪುರ ತಲುಪಿ ನಾಗರಿಗೆ ಇಳಿಯಿತು. ಅಲ್ಲಿಂದಲೂ ಮತ್ತೊಂದು ಪ್ರತಿ ಹೊರಗೆ ಹೋಯಿತು. ಹೀರಾಲಾಲ್ ಜೈನರು 1939ರಿಂದ ಅದನ್ನು ಅಚ್ಚು ಹಾಕಿಸಿದ್ದು ಇಂಥ ಪ್ರತಿಗಳ ಪ್ರತಿಗಳನ್ನು ಇಟ್ಟುಕೊಂಡು. ಮುಂದೆ ಮೂಡುಬಿದಿರೆಯ ಗರಿಗಳೊಂದಿಗೆ ಹೋಲಿಸಿ ನೋಡುವ ಅವಕಾಶವೂ ಸಿಕ್ಕಿತು.

ಈ ಪ್ರಸಂಗದಲ್ಲಿ ಯಾರನ್ನೂ ಖಳರನ್ನಾಗಿಸಬೇಕಿಲ್ಲ. ಮೂಡುಬಿದಿರೆಯವರ ಭಕ್ತಿ ಇಲ್ಲದಿದ್ದರೆ ಗರಿಗಳು ಅಷ್ಟು ಶತಮಾನ ಉಳಿಯುತ್ತಿರಲಿಲ್ಲ. ಆದರೆ ಒಂದು ಬೆಂಕಿ, ಒಂದು ಮಳೆಗಾಲ ಸಾಕಿತ್ತು. ಕಾಪಾಡುವುದು ಎಂದರೆ ಒಂದೇ ಕಡೆ ಭದ್ರವಾಗಿ ಮುಚ್ಚಿಡುವುದು ಎಂದು ನಾವು ಇವತ್ತಿಗೂ ತಿಳಿಯುತ್ತೇವೆ. ಗೋದ್ರೇಜ್ ಬೀರುವಿನ ಬದಲು ಈಗ ಪಾಸ್‌ವರ್ಡ್ ಹಾಕಿದ ಲ್ಯಾಪ್‌ಟಾಪ್ ಬಂದಿದೆ, ಅಷ್ಟೇ.

ಇದು ನನಗೆ ದಿನನಿತ್ಯದ ಮಾತಾಗಲು ಕಾರಣವಿದೆ. ನನ್ನ ಸಂಶೋಧನೆ ದೊಡ್ಡಬಳ್ಳಾಪುರ ಮತ್ತು ದೇವನಹಳ್ಳಿ ತಾಲ್ಲೂಕುಗಳ ವೀರಗಲ್ಲು ಶಾಸನಗಳ ಭಾಷೆಯನ್ನು ಕುರಿತದ್ದು. ಊರಿಗೆ ಹೊರಡುವಾಗ ಫೋನಿನಲ್ಲಿ ಇರುವುದು ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೆಯ ಸಂಪುಟ. ಆಗಿನ ಬೆಂಗಳೂರು ಜಿಲ್ಲೆಯ ಶಾಸನಗಳು ತಾಲ್ಲೂಕುವಾರು ಅದರಲ್ಲಿವೆ: ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಅದೇ ಪಾಠ, ಇಂಗ್ಲಿಷ್ ಅನುವಾದ. ಕೆಲವು ಊರಲ್ಲಿ ಕಲ್ಲು ಹೇಳಿದ ಜಾಗದಲ್ಲೇ ಇರುತ್ತದೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು. ಕೆಲವು ಕಡೆ ಪುಸ್ತಕ ಹೇಳುವ ಹೊಲವೇ ಇರುವುದಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸೀಮೆಯ ಹೊಲಗಳು ಹೇಗೆ ಬಡಾವಣೆಗಳಾದವು ಎಂಬುದನ್ನು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕೇಳಿದರೆ ಅರಳಿಕಟ್ಟೆಯ ಮೇಲೆ ಕೂತ ತಾತ, “ಆ ಕಲ್ಲಾ? ರೋಡ್ ಮಾಡೋವಾಗ ಜೆಸಿಬಿಯೋರು ಎತ್ತಾಕ್ಬುಟ್ರು ಕಣಪ್ಪ” ಎನ್ನುತ್ತಾರೆ. ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯ ದತ್ತಿಯನ್ನು ಕಿತ್ತುಕೊಂಡವನನ್ನು ನರಕಕ್ಕೆ ಕಳಿಸುತ್ತದೆ. ಜೆಸಿಬಿಯ ವಿಷಯದಲ್ಲಿ ಅದು ಮೌನ.

ಕಲ್ಲು ಹೋದ ಊರಲ್ಲಿ ಆ ಶಾಸನ ಇವತ್ತು ಇರುವುದು ರೈಸ್ ಸಂಪುಟದಲ್ಲಿ. ಆ ಪುಸ್ತಕವನ್ನು ಆಕರ ಎಂದು ಅಡಿಟಿಪ್ಪಣಿಯಲ್ಲಿ ಹಾಕಿ ಮುಂದೆ ಹೋಗುವ ನಾವು, ಅದೂ ಒಂದು ಪ್ರತಿ ಎಂಬುದನ್ನು ಮರೆಯುತ್ತೇವೆ. ಪ್ರತಿಯಾದ್ದರಿಂದ ಅದು ಬಿಟ್ಟದ್ದೂ ಇದೆ: ಅಕ್ಷರದ ವರಸೆ, ಕೊರೆತದ ಆಳ, ಮೇಲಿನ ಪಟ್ಟಿಕೆಯಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದು ಇಂಥ ಕೊರತೆಯನ್ನು ತುಂಬುವ ಕೆಲಸ. ಆದರೆ ಕಲ್ಲು, ಅಚ್ಚು, ಸ್ಕ್ಯಾನ್ ಇವುಗಳಲ್ಲಿ ಒಂದು ಇನ್ನೊಂದನ್ನು ಅನಗತ್ಯ ಮಾಡುವುದಿಲ್ಲ. ಒಂದೊಂದೂ ಒಂದೊಂದನ್ನು ಉಳಿಸುತ್ತದೆ, ಒಂದೊಂದು ರೀತಿಯಲ್ಲಿ ಕೆಡುತ್ತದೆ.

ಕಂಪ್ಯೂಟರಿನ ಪ್ರತಿಗಳಲ್ಲಿ ನಾವು ಎಡವುವುದು ಇಲ್ಲೇ. ಗೂಗಲ್ ಡ್ರೈವ್‌ಗೆ ಫೋಲ್ಡರನ್ನು ಜೋಡಿಸಿಟ್ಟು ಬ್ಯಾಕಪ್ ಆಯಿತು ಎನ್ನುತ್ತೇವೆ. ಅದು ಸಿಂಕ್. ಲ್ಯಾಪ್‌ಟಾಪಿನಲ್ಲಿ ಫೈಲ್ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಕೆಲವು ದಿನ ಕಾದು ಕೊನೆಗೆ ಅಲ್ಲಿಂದಲೂ ಹೋಗುತ್ತದೆ. ಇಲ್ಲಿ ಕೆಟ್ಟರೆ ಅಲ್ಲೂ ಕೆಟ್ಟದ್ದೇ ಕೂರುತ್ತದೆ. ಎರಡು ಕಡೆ ಕಂಡರೂ ಅವೆರಡರ ಹಣೆಬರಹ ಒಂದೇ. ಓಲೆಯ ಪ್ರತಿಗಳ ಹಣೆಬರಹ ಬೇರೆ ಬೇರೆಯಾಗಿತ್ತು. ಒಂದು ಊರಿನ ಗೆದ್ದಲು ಇನ್ನೊಂದು ಊರಿನ ಕಟ್ಟನ್ನು ತಿನ್ನುತ್ತಿರಲಿಲ್ಲ. ಒಬ್ಬ ಲಿಪಿಕಾರ ಬಿಟ್ಟ ಸಾಲನ್ನು ಇನ್ನೊಬ್ಬ ಬರೆದಿರುತ್ತಿದ್ದ. ಆದ್ದರಿಂದಲೇ ಪಾಠಾಂತರಗಳನ್ನು ಹೋಲಿಸಿ ಶುದ್ಧಪಾಠ ಕಟ್ಟುವ ಗ್ರಂಥಸಂಪಾದನೆ ಸಾಧ್ಯವಾಯಿತು. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ಜನಪ್ರಿಯಗೊಳಿಸಿದ ಸೂತ್ರವೂ ಇದೇ ಹಾದಿಯದು: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ನನ್ನಂಥವನ ಲೆಕ್ಕದಲ್ಲಿ ಅದು ಲ್ಯಾಪ್‌ಟಾಪ್, ಸದಾ ಜೋಡಿಸಿಡದ ಒಂದು ಹಾರ್ಡ್‌ಡಿಸ್ಕ್, ಊರಿನ ಮನೆಯಲ್ಲೋ ಗೆಳೆಯರ ಹತ್ತಿರವೋ ಇನ್ನೊಂದು.

ಸಂಸ್ಥೆಗಳ ಮಟ್ಟದಲ್ಲೂ ಪಾಠ ಇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳ್ತನದಲ್ಲಿ ಬೆಳೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳಿದ್ದವು. ಹಕ್ಕುಸ್ವಾಮ್ಯದ ತಕರಾರಿನಲ್ಲಿ 2017ರ ಹೊತ್ತಿಗೆ ಆ ತಾಣ ಓದುಗರಿಗೆ ಮುಚ್ಚಿತು. ಅಷ್ಟರಲ್ಲಿ ಅದರ ಬಹುಪಾಲು ಇಂಟರ್ನೆಟ್ ಆರ್ಕೈವ್‌ಗೆ ನಕಲಾಗಿದ್ದರಿಂದ ನಾವು ಇವತ್ತಿಗೂ ಆ ಪುಸ್ತಕಗಳನ್ನು ಓದುತ್ತಿದ್ದೇವೆ. ಮೂಡುಬಿದಿರೆಯ ಕಥೆಯೇ ಇನ್ನೊಂದು ವೇಷದಲ್ಲಿ ನಡೆಯಿತು. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಸಿಕ್ಕಿ ಆ ಆರ್ಕೈವ್ ಕೂಡ ಕೆಲವು ದಿನ ನಿಂತಾಗ, ಅದನ್ನೊಂದನ್ನೇ ನಂಬಿದರೂ ಸಾಲದು ಎಂಬುದು ತಿಳಿಯಿತು.

ಕನ್ನಡಕ್ಕೆ ಇನ್ನೂ ಒಂದು ತೊಡಕಿದೆ. ಯುನಿಕೋಡ್ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಟೈಪಾದ ಎಷ್ಟೋ ಪ್ರಬಂಧ, ಕಥೆ, ಪತ್ರಿಕೆಗಳ ಫೈಲುಗಳು ಇವತ್ತಿಗೂ ಇವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ರೋಮನ್ ಅಕ್ಷರ, ಚಿಹ್ನೆಗಳ ಚೆಲ್ಲಾಪಿಲ್ಲಿ. ಅಂಥ ಫೈಲನ್ನು ಹತ್ತು ಕಡೆ ಇಟ್ಟರೂ ಓದಲಾಗದ್ದೇ ಹತ್ತಾಗುತ್ತದೆ. ಹಳೆಯ ಲಿಪಿಕಾರರು ಪ್ರತಿ ಮಾಡುವಾಗ ತಮ್ಮ ಕಾಲದ ಅಕ್ಷರಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ನಾವೂ ಯುನಿಕೋಡಿಗೆ ತಿರುಗಿಸಿ, ಮೂಲ ಫೈಲನ್ನೂ ಇಟ್ಟುಕೊಂಡು, ಒತ್ತಕ್ಷರಗಳು ಸರಿ ಬಂದಿವೆಯೇ ಎಂದು ಕೂತು ಹೋಲಿಸಬೇಕು. ಅದೂ ಗ್ರಂಥಸಂಪಾದನೆಯೇ.

ಪಿಎಚ್‌ಡಿ ಪ್ರಬಂಧವೇನೋ ಶೋಧಗಂಗಾಕ್ಕೆ ಸೇರುತ್ತದೆ. ಆದರೆ ಅದರ ಹಿಂದಿನ ಫೋಟೊಗಳು, ಹಾಡಿದವರ ಧ್ವನಿ, ಕ್ಷೇತ್ರಕಾರ್ಯದ ಟಿಪ್ಪಣಿ ಹೆಚ್ಚಿನ ಸಲ ಒಬ್ಬರ ಲ್ಯಾಪ್‌ಟಾಪಿನಲ್ಲೇ ಉಳಿಯುತ್ತವೆ. ಕಲ್ಲು ಎತ್ತಿಹಾಕಿದ ಮೇಲೆ ಆ ಫೋಟೊ ಮೂಲದ ಜಾಗಕ್ಕೆ ಬರುತ್ತದೆ. ಹಾಡಿದ ಅಜ್ಜಿ ತೀರಿಕೊಂಡ ಮೇಲೆ ಆ ಧ್ವನಿಯೂ ಅಷ್ಟೇ. ಆಕರಗಳ ಪಟ್ಟಿ ಕೇಳುವ ನಮ್ಮ ವಿಭಾಗಗಳು, ಆ ಸಾಮಗ್ರಿಯ ಪ್ರತಿಗಳು ಎಲ್ಲೆಲ್ಲಿವೆ, ಯಾರ ಹೊಣೆಯಲ್ಲಿವೆ ಎಂದೂ ಒಂದು ಪುಟ ಕೇಳಲಿ. ಸಾಹಿತ್ಯ ಚರಿತ್ರೆ ಬರೆಯುವವರು ಕೃತಿಯ ಕಾಲ, ಕವಿಯ ಮತದ ಜೊತೆಗೆ ಅದು ಎಷ್ಟು ಪ್ರತಿಗಳಲ್ಲಿ, ಯಾವ ಊರುಗಳ ಮೂಲಕ ನಮ್ಮವರೆಗೆ ಬಂತು ಎಂದೂ ಬರೆಯಲಿ. ಹಾಗೆ ಬರೆದರೆ ಅತ್ತಿಮಬ್ಬೆಗೆ ಸಾಹಿತ್ಯದ ಖಾತೆಯಲ್ಲೂ ಪೊನ್ನನ ಪಕ್ಕದಲ್ಲೇ ಜಾಗ ಸಿಗುತ್ತದೆ.

ಇನ್ನೊಂದು ಪ್ರತಿಯನ್ನು ಎಲ್ಲಿಡಬೇಕು ಎಂದು ಕೇಳಿದರೆ, ಈಗ ‘ಅರಿವು ಕೇಂದ್ರ’ ಎಂದು ಕರೆಯುವ ಗ್ರಾಮ ಪಂಚಾಯಿತಿ ಗ್ರಂಥಾಲಯ ನನಗೆ ಮೊದಲು ಹೊಳೆಯುತ್ತದೆ. ಆ ಊರಿನ ಶಾಸನದ ಪಾಠ, ನಾಲ್ಕು ಫೋಟೊ, ಸರಳ ಕನ್ನಡದಲ್ಲಿ ಅದರ ಅರ್ಥ, ಎಲ್ಲವನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ ಅಲ್ಲಿಗೆ ಕೊಡಬಹುದು. ಕಲ್ಲು ಎಲ್ಲಿತ್ತು ಎಂದು ತೋರಿಸಬಲ್ಲವರು ಇನ್ನೂ ಆ ಊರಲ್ಲಿದ್ದಾರೆ.